ಶಾಲೆಯ ಗಂಟೆ, ಮಕ್ಕಳ ನಿದ್ದೆ

ಶಾಲೆ ಎಷ್ಟು ಗಂಟೆಗೆ ಶುರುವಾಗಬೇಕು? ಕೇಳೋಕೆ ಸಣ್ಣ ಪ್ರಶ್ನೆ ವೀಕ್ಷಕರೇ. ಆದರೆ ಇದೇ ಪ್ರಶ್ನೆ ಹಿಂದೆ ಒಂದು ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿದೆ, ಮೊನ್ನೆ ಮೊನ್ನೆ ನಮ್ಮ ಹೈಕೋರ್ಟ್‌ ತನಕವೂ ಹೋಗಿ ಬಂದಿದೆ.

ನಾನು ಓದಿದ್ದು ಎಂಜಿನಿಯರಿಂಗ್, ಅದಕ್ಕೇ ಲೆಕ್ಕದಿಂದ ಶುರು ಮಾಡ್ತೀನಿ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂತು. ಅದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ನಮ್ಮ ಮೈಸೂರು ಇರೋದು ಸುಮಾರು 76.6 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮೂರ ಸೂರ್ಯ ಗಡಿಯಾರಕ್ಕಿಂತ ಸರಾಸರಿ 23 ನಿಮಿಷ ಹಿಂದೆ. ಜನವರಿಯಲ್ಲಿ ಇಲ್ಲಿ ಬೆಳಕು ಹರಿದು ಸೂರ್ಯ ಮೂಡುವಾಗ ಆರೂಮುಕ್ಕಾಲು. ಏಳು ಗಂಟೆಯ ಸ್ಕೂಲ್ ವ್ಯಾನ್ ಹತ್ತೋ ಮಗು ಕತ್ತಲಲ್ಲೇ ಎದ್ದು ಹಲ್ಲುಜ್ಜಬೇಕು.

ಈಗ 1953ಕ್ಕೆ ಹೋಗೋಣ. ಆಗ ನಮ್ಮ ನೆರೆಯ ಕೊಳ್ಳೇಗಾಲವೂ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯಕ್ಕೆ ಸೇರಿದ್ದವು. ಮುಖ್ಯಮಂತ್ರಿ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ದಿನಕ್ಕೆ ಮೂರೇ ಗಂಟೆ ಶಾಲೆ, ಎರಡು ಪಾಳಿ. ಅದೇ ಕಟ್ಟಡ, ಅದೇ ಮೇಷ್ಟ್ರು, ಹೆಚ್ಚು ಮಕ್ಕಳು. ಉಳಿದ ಹೊತ್ತು ಮಕ್ಕಳು ಅಪ್ಪನ ಕಸುಬು ಕಲಿಯಲಿ ಅಂದರು. ಹಾಗಾದರೆ ಕುಂಬಾರನ ಮಗ ಕುಂಬಾರನೇ, ಕ್ಷೌರಿಕನ ಮಗ ಕ್ಷೌರಿಕನೇ ಆಗಿರಬೇಕಾ ಅಂತ ಪೆರಿಯಾರ್ ಮತ್ತು ಡಿಎಂಕೆ ಬೀದಿಗಿಳಿದರು. 1954ರಲ್ಲಿ ರಾಜಾಜಿ ಹುದ್ದೆ ಬಿಟ್ಟರು, ಕಾಮರಾಜ್ ಬಂದರು, ಯೋಜನೆ ಬಿದ್ದುಹೋಯ್ತು. ವೇಳಾಪಟ್ಟಿಯೊಳಗೆ ಜಾತಿಯೂ ಅಡಗಿ ಕೂರಬಲ್ಲದು ಅನ್ನೋದು ಅವತ್ತಿನ ಪಾಠ.

2023ರ ಅಕ್ಟೋಬರ್. ಹೈಕೋರ್ಟ್ ಸೂಚನೆಯಂತೆ ಬೆಂಗಳೂರಿನ ಶಾಲಾ ಸಮಯ ಬದಲಿಸುವ ಬಗ್ಗೆ ಶಿಕ್ಷಣ ಇಲಾಖೆ ಸಭೆ ಕರೆಯಿತು. ಕಾರಣ ಮಕ್ಕಳಲ್ಲ, ಟ್ರಾಫಿಕ್! ಶಾಲೆಗಳು ವಿರೋಧಿಸಿದವು, ಮಾತು ಅಲ್ಲಿಗೇ ನಿಂತಿತು. ಮಕ್ಕಳ ನಿದ್ದೆಯ ಹೆಸರಲ್ಲಿ ಆದೇಶ ಹೊರಟದ್ದು ಮಹಾರಾಷ್ಟ್ರದಲ್ಲಿ. 2024ರ ಫೆಬ್ರವರಿಯಲ್ಲಿ, ನಾಲ್ಕನೇ ತರಗತಿವರೆಗೆ ಬೆಳಗ್ಗೆ 9ಕ್ಕಿಂತ ಮೊದಲು ಶಾಲೆ ಬೇಡ ಅಂತ.

ಒಳ್ಳೇದೇ. ಆದರೆ ವಿಜ್ಞಾನ ಇನ್ನೊಂದು ಮಾತು ಹೇಳುತ್ತೆ. ಪುಟ್ಟ ಮಕ್ಕಳು ಬೇಗ ಮಲಗಿ ಬೇಗ ಏಳ್ತಾರೆ. ಹರೆಯ ಬಂದಾಗ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಒಸರುತ್ತೆ. ಹಾಗಾಗಿ ಆರಕ್ಕೆ ಏಳದ ಹದಿನೈದರ ಹುಡುಗ ಸೋಮಾರಿ ಅಲ್ಲ, ಅವನ ದೇಹದ ಗಡಿಯಾರವೇ ಹಾಗೆ. ಇದನ್ನೊಪ್ಪಿ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡಿತು. ಹೈಸ್ಕೂಲು 8.30ಕ್ಕಿಂತ ಮೊದಲು ಶುರುವಾಗುವಂತಿಲ್ಲ, 2022ರಿಂದ ಜಾರಿ. ಕೇರಳದಲ್ಲಿ 2025ರಲ್ಲಿ ಆದದ್ದು ಉಲ್ಟಾ. ಪಾಠದ ಅವಧಿ ಹೆಚ್ಚಿಸಲು ಹೈಸ್ಕೂಲಿಗೆ ಬೆಳಗ್ಗೆ 15, ಸಂಜೆ 15 ನಿಮಿಷ ಸೇರಿಸಿದರು. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳಿಗೂ ಅದೇ ಗಂಟೆ. ಆದರೂ ಅಲ್ಲಿ ಶಾಲೆ 9.45ಕ್ಕೆ.

ನಮ್ಮಲ್ಲಿ? ಎಸ್ಸೆಸ್ಸೆಲ್ಸಿ ಬಂತು ಅಂದರೆ ಬೆಳಗ್ಗೆಯೇ ಟ್ಯೂಷನ್ನು, ಮೇಲೆ ಸ್ಪೆಷಲ್ ಕ್ಲಾಸು. ಹೆಚ್ಚು ನಿದ್ದೆ ಬೇಕಾದ ವಯಸ್ಸಿಗೇ ಕಡಿಮೆ ನಿದ್ದೆ. ಹೌದು, ಬದಲಾವಣೆ ಸುಲಭ ಅಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೊರಡಬೇಕು, ಒಂದೇ ವ್ಯಾನು ಎರಡು ಟ್ರಿಪ್ ಹೊಡೀಬೇಕು. ಶಾಲೆ ತಡವಾಗಿ ಶುರುವಾಗಿ, ಉಳಿದ ಗಂಟೆಯನ್ನು ಟ್ಯೂಷನ್ ನುಂಗಿದರೆ ಏನೂ ಪ್ರಯೋಜನ ಇಲ್ಲ. ಎರಡಕ್ಕೂ ಒಟ್ಟಿಗೇ ನಿಯಮ ಬೇಕು.

ಸರ್ಕಾರಕ್ಕೆ ನನ್ನದು ಒಂದೇ ಮಾತು. ಮುಂದಿನ ಸಲ ಶಾಲಾ ಸಮಯದ ಸಭೆ ಕರೆದಾಗ, ಟ್ರಾಫಿಕ್ ಪೊಲೀಸರ ಪಕ್ಕದಲ್ಲಿ ಒಬ್ಬ ಮಕ್ಕಳ ಡಾಕ್ಟರಿಗೂ ಕುರ್ಚಿ ಹಾಕಿ.