ಬರಿದಾಗದ ಕಲಶ

ಡೊಂಬಿವಲಿಯ ನಮ್ಮ ಮಕ್ಕಳ ಕೂಟದಲ್ಲಿ ಮೊನ್ನೆ ಹುಡುಗನೊಬ್ಬ ಮುಷ್ಟಿಯೊಳಗಿನ ಕರವಸ್ತ್ರವನ್ನು ಮಾಯಮಾಡಿ ತೋರಿಸಿದ. ಹಿರಿಯ ಸದಸ್ಯರೊಬ್ಬರು “ಭೇಷ್, ಪಿ. ಸಿ. ಸರ್ಕಾರ್!” ಎಂದು ಕೂಗಿದರು. ಮಕ್ಕಳು ಪಿಳಿಪಿಳಿ ಕಣ್ಣುಬಿಟ್ಟರು. ಅವರಿಗೆ ಗೊತ್ತಿರುವುದು ನಮ್ಮಂಥ ಗುಮಾಸ್ತರಿಗೆ ಸಂಬಳ ಕೊಡುವ ಸರ್ಕಾರವೊಂದೇ! ಆದುದರಿಂದ ಈ ನಾಲ್ಕು ಮಾತು.

ಪ್ರತುಲಚಂದ್ರ ಸರ್ಕಾರರು ಹುಟ್ಟಿದ್ದು 1913ರ ಫೆಬ್ರವರಿ 23ರಂದು, ಪೂರ್ವ ಬಂಗಾಳದ ಟಾಂಗಾಯಿಲ್ ಸೀಮೆಯಲ್ಲಿ. ಬೀದಿ ಗಾರುಡಿಗರ ಕಣ್ಕಟ್ಟು ವಿದ್ಯೆಗೆ ಮಹಾರಾಜನ ಪೋಷಾಕು, ಗರಿಯ ಪೇಟ, ದೀಪ, ಸಂಗೀತಗಳನ್ನು ಕೂಡಿಸಿ, ‘ಇಂದ್ರಜಾಲ’ವೆಂಬ ಹೆಸರಿನಿಂದ ದೇಶವಿದೇಶಗಳಲ್ಲಿ ಮೆರೆಸಿದರು. 1956ರ ಏಪ್ರಿಲ್ 9ರಂದು ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಯುವತಿಯೊಬ್ಬಳನ್ನು ವಿದ್ಯುತ್ ಗರಗಸದಿಂದ ‘ಕೊಯ್ದರು’. ಆಕೆ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು. ಹುಡುಗಿ ಸತ್ತೇಹೋದಳೆಂದು ಗಾಬರಿಗೊಂಡವರ ಫೋನುಗಳಿಗೆ ಲೆಕ್ಕವಿರಲಿಲ್ಲ. ಆಕೆಯೋ, ಕ್ಷೇಮವಾಗಿಯೇ ಇದ್ದಳು! 1964ರಲ್ಲಿ ಸರ್ಕಾರರಿಗೆ ಪದ್ಮಶ್ರೀ ಸಂದಿತು.

ಅಂದಿನ ಸಾವು ಹುಸಿ. ನಿಜವಾದ ಸಾವು ಬಂದದ್ದು 1971ರ ಜನವರಿ 6ರಂದು, ಜಪಾನಿನ ಪ್ರವಾಸದಲ್ಲಿ. ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, ಹಿಮಗಾಲದ ನಡುವೆ, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 57. ಗರಗಸಗಳೊಡನೆ ಆಡಿದವರನ್ನು ಕೊಂಡೊಯ್ದದ್ದು ನಮ್ಮ ನಿಮ್ಮೆಲ್ಲರಿಗೂ ಬರಬಹುದಾದ ಒಂದು ಬೇನೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಹುಟ್ಟೂರು ಸ್ವತಂತ್ರ ಬಾಂಗ್ಲಾದೇಶಕ್ಕೆ ಸೇರಿತು. ಅದನ್ನು ನೋಡಲು ಅವರಿರಲಿಲ್ಲ.

ಆದರೆ ಪರದೆ ಬೀಳಲಿಲ್ಲ. ಮಗ ಪ್ರದೀಪಚಂದ್ರರು ತಂದೆಯ ಜಾಗದಲ್ಲಿ ನಿಂತು ಆಟವನ್ನು ಮುಂದುವರಿಸಿದರು. ಸತ್ತ ಮನೆಯ ದುಃಖವನ್ನು ನುಂಗಿ, ಪರದೇಶದ ಜನರನ್ನು ನಗಿಸುವುದು ಎಂಥ ಕಷ್ಟವೆಂಬುದನ್ನು ಊರಿನ ತಂತಿ ಕೈಯಲ್ಲಿ ಹಿಡಿದು ಕಚೇರಿಗೆ ಹೋದ ನಮ್ಮ ಹಿರಿಯರು ಬಲ್ಲರು. 2010ರಲ್ಲಿ ಭಾರತದ ಅಂಚೆ ಇಲಾಖೆ ಸರ್ಕಾರರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಅವರದೊಂದು ಹೆಸರಾಂತ ಆಟ ‘ವಾಟರ್ ಆಫ್ ಇಂಡಿಯಾ’. ಕಲಶವನ್ನು ಬೋರಲು ಹಾಕಿ ಬರಿದುಮಾಡುತ್ತಾರೆ. ತುಸು ಹೊತ್ತಿಗೆ ಮತ್ತೆ ನೀರು! ಆಟ ಮುಗಿಯುವವರೆಗೂ ಹೀಗೆಯೇ. ಬಿ.ಎಸ್ಸಿ. ಓದಿದ ನಾವು ಶೂನ್ಯದಿಂದ ನೀರು ಹುಟ್ಟದೆಂದು ಬಲ್ಲೆವು. ಯಾರೋ ಮೊದಲೇ ತುಂಬಿಟ್ಟಿರಬೇಕು.

ಕರವಸ್ತ್ರದ ಹುಡುಗನನ್ನು ಯಾರು ಕಲಿಸಿದರೆಂದು ಕೇಳಿದೆವು. “ಅಜ್ಜ” ಎಂದ. ಆ ಅಜ್ಜ ಕಳೆದ ಮಳೆಗಾಲದಲ್ಲಿ, ಯಾರೂ ನೆನೆಯದ ಹೊತ್ತಿನಲ್ಲಿ, ಹೊರಟುಹೋದರು. ಅವರು ಹುಡುಗನಿಗೆ ಕನ್ನಡದ ಅಕ್ಷರ ತಿದ್ದಿಸಿದವರೂ ಹೌದು.