ಚಳಿಗಾಲದ ಬೈಕ್ ಸವಾರಿಗೆ ಕೈಗವಸು: ಆಯ್ಕೆ ಹೇಗೆ?

ಡಿಸೆಂಬರ್, ಜನವರಿ ತಿಂಗಳ ಮುಂಜಾನೆಗಳಲ್ಲಿ ದ್ವಿಚಕ್ರ ವಾಹನ ಸವಾರರು ಸ್ವೆಟರ್, ಜಾಕೆಟ್, ಮಫ್ಲರ್‌ಗಳ ಬಗ್ಗೆ ವಹಿಸುವಷ್ಟು ಕಾಳಜಿಯನ್ನು ಕೈಗಳ ಬಗ್ಗೆ ವಹಿಸುವುದು ವಿರಳ. ಆದರೆ ಎದುರುಗಾಳಿಯ ಹೊಡೆತ ಮೊದಲು ತಗಲುವುದು ಕೈಗಳಿಗೇ. ಬ್ರೇಕ್, ಕ್ಲಚ್, ಆಕ್ಸಿಲರೇಟರ್, ಇಂಡಿಕೇಟರ್ ಎಲ್ಲವನ್ನೂ ಬೆರಳುಗಳೇ ನಿಭಾಯಿಸಬೇಕಾದ್ದರಿಂದ ಕೈ ಮರಗಟ್ಟುವುದು ಕೇವಲ ಅನನುಕೂಲವಲ್ಲ, ಸುರಕ್ಷತೆಯ ಪ್ರಶ್ನೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ಸೆಟೆದ ಬೆರಳುಗಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡಮಾಡಿದರೂ ವಾಹನ 8 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಚಳಿಗಿಂತ ಗಾಳಿಯೇ ವೈರಿ

ಕರ್ನಾಟಕದಲ್ಲಿ ಅಂತಹ ಚಳಿ ಎಲ್ಲಿದೆ ಎಂಬ ಪ್ರಶ್ನೆ ಸಹಜ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಆದರೆ ನಿಂತವನಿಗೆ ತಗಲುವ ಚಳಿಯೇ ಬೇರೆ, ಓಡುವ ವಾಹನದ ಮೇಲಿರುವವನಿಗೆ ತಗಲುವ ಚಳಿಯೇ ಬೇರೆ. ಚರ್ಮದ ಸುತ್ತ ನೆಲೆಸಿರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಎದುರುಗಾಳಿ ಕ್ಷಣಕ್ಷಣವೂ ಕಿತ್ತೊಯ್ಯುತ್ತದೆ. ಅಮೆರಿಕ ಮತ್ತು ಕೆನಡಾಗಳು 2001ರಲ್ಲಿ ಅಳವಡಿಸಿಕೊಂಡ ಸೂತ್ರದ ಪ್ರಕಾರ, 10 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗೆ 60 ಕಿ.ಮೀ. ವೇಗದ ಗಾಳಿಗೆ ತೆರೆದ ಚರ್ಮಕ್ಕೆ ಸುಮಾರು 5 ಡಿಗ್ರಿಯ ಅನುಭವವಾಗುತ್ತದೆ. ಉಷ್ಣಾಂಶ ಸೊನ್ನೆಗೆ ಇಳಿದರೆ ಅನುಭವ ಮೈನಸ್ 9ರ ಸಮೀಪ. ನಸುಕಿನಲ್ಲೇ ಹಾಲು, ಪತ್ರಿಕೆ, ಹೂವು ಹೊತ್ತು ಸಾಗುವವರಿಗೂ ಬೀದರ್, ಮಡಿಕೇರಿ, ಚಿಕ್ಕಮಗಳೂರಿನ ರಸ್ತೆಗಳ ಸವಾರರಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಪಾದಚಾರಿ ಮಾರ್ಗದಲ್ಲಿ ದೊರೆಯುವ ಉಣ್ಣೆಯ ಕೈಗವಸು ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ಹೆಣಿಗೆಯ ಸಂದುಗಳಿಂದ ಗಾಳಿ ನುಗ್ಗುತ್ತದೆ, ಇಬ್ಬನಿಗೆ ಅದು ಒದ್ದೆಯಾಗುತ್ತದೆ, ಹ್ಯಾಂಡಲ್ ಮೇಲೆ ಜಾರುತ್ತದೆ. ಬಿದ್ದಾಗ ಅಂಗೈಗೆ ರಕ್ಷಣೆಯನ್ನೂ ನೀಡದು.

ದಪ್ಪವೇ ಮಾನದಂಡವಲ್ಲ

ಅತಿ ದಪ್ಪನೆಯ ಕೈಗವಸು ಅತಿ ಬೆಚ್ಚಗಿರುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ದಪ್ಪ ಹೆಚ್ಚಿದಂತೆ ಲಿವರ್‌ನ ಸ್ಪರ್ಶಜ್ಞಾನ ಕುಂದುತ್ತದೆ, ಸ್ವಿಚ್‌ಗಳು ತಡಕಾಡುವಂತಾಗುತ್ತವೆ. ಚಳಿ ತಡೆದು ಹಿಡಿತ ಕಸಿಯುವ ಕೈಗವಸು ಒಂದು ಅಪಾಯದ ಜಾಗದಲ್ಲಿ ಇನ್ನೊಂದನ್ನು ತಂದಿಡುತ್ತದೆ.

ಉತ್ತಮ ಚಳಿಗಾಲದ ಕೈಗವಸಿನಲ್ಲಿ ಮೂರು ಪದರಗಳಿರುತ್ತವೆ. ಚರ್ಮ ಅಥವಾ ಗಟ್ಟಿ ನೈಲಾನ್‌ನ ಹೊರಪದರ ಗಾಳಿಯನ್ನೂ ಉಜ್ಜುವಿಕೆಯನ್ನೂ ತಡೆಯುತ್ತದೆ. ನಡುವೆ ಗೋರ್‌ಟೆಕ್ಸ್‌ನಂತಹ ಪೊರೆ ನೀರನ್ನು ಹೊರಗಿಟ್ಟು ಬೆವರಿನ ಆವಿಯನ್ನು ಹೊರಬಿಡುತ್ತದೆ. ಒಳಗಿನ ಥಿನ್ಸುಲೇಟ್ ಅಥವಾ ಫ್ಲೀಸ್ ಪದರ ಬಿಸಿಯನ್ನು ಹಿಡಿದಿಡುತ್ತದೆ. ಈ ಒಳಪದರ ಕೈಯ ಹಿಂಬದಿಯಲ್ಲಿ ದಪ್ಪವಾಗಿಯೂ ಅಂಗೈ ಭಾಗದಲ್ಲಿ ತೆಳುವಾಗಿಯೂ ಇರಬೇಕು. ಗಾಳಿ ಹೊಡೆಯುವುದು ಹಿಂಬದಿಗೆ, ಹಿಡಿಯುವ ಕೆಲಸ ಅಂಗೈಯದು.

ಒಳಪದರವನ್ನು ಬೆರಳ ತುದಿಯವರೆಗೂ ಸರಿಯಾಗಿ ಹೊಲಿದಿಲ್ಲದಿದ್ದರೆ ಒದ್ದೆ ಕೈ ಹೊರಗೆಳೆದಾಗ ಅದೂ ಜೊತೆಗೇ ಹೊರಬರುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸುವುದು ಲೇಸು.

ಅಳತೆಯ ಮಹತ್ವ

ಬಿಗಿಯಾದ ಕೈಗವಸು ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ, ಬಿಸಿಗಾಳಿ ನೆಲೆಸಲು ಎಡೆಗೊಡುವುದಿಲ್ಲ. ತೀರಾ ಸಡಿಲವಾದರೆ ಬಟ್ಟೆ ಮಡಿಕೆ ಬಿದ್ದು ಹಿಡಿತ ತಪ್ಪುತ್ತದೆ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆ ತೆಗೆದುಕೊಂಡು ಆಯಾ ತಯಾರಕರ ಪಟ್ಟಿಯೊಂದಿಗೆ ಹೋಲಿಸಬೇಕು. ಬೆರಳ ತುದಿಯಲ್ಲಿ ಕೆಲವೇ ಮಿಲಿಮೀಟರ್ ಜಾಗವಿದ್ದರೆ ಸಾಕು.

ಉದ್ದನೆಯ ಮಣಿಕಟ್ಟಿರುವ ಕೈಗವಸನ್ನು ಒಣಹವೆಯಲ್ಲಿ ಜಾಕೆಟ್‌ನ ತೋಳಿನ ಮೇಲೆ ಎಳೆದುಕೊಂಡರೆ ಗಾಳಿ ಒಳಸೇರದು. ಮಳೆಯಲ್ಲಾದರೆ ತೋಳೇ ಮೇಲಿರಬೇಕು. ಇಲ್ಲವಾದರೆ ತೋಳಿನಿಂದ ಇಳಿದ ನೀರು ಕೈಗವಸಿನೊಳಗೆ ತುಂಬುತ್ತದೆ.

ಗುಣಮಟ್ಟದ ಗುರುತು

ಭಾರತದಲ್ಲಿ ಹೆಲ್ಮೆಟ್‌ನಂತೆ ಕೈಗವಸು ಕಡ್ಡಾಯವಲ್ಲ. ಫ್ರಾನ್ಸ್ 2016ರ ನವೆಂಬರ್‌ನಿಂದ ಅದನ್ನು ಕಡ್ಡಾಯಗೊಳಿಸಿದೆ. ಖರೀದಿಸುವಾಗ ಯುರೋಪಿನ ಇಎನ್ 13594 ಮಾನದಂಡದ ಗುರುತನ್ನು ಗಮನಿಸಬಹುದು. ಇದರಲ್ಲಿ ಎರಡು ಹಂತಗಳಿವೆ. ಉಜ್ಜುವಿಕೆಯ ಪರೀಕ್ಷೆಯಲ್ಲಿ ಅಂಗೈ ಭಾಗ ಒಂದನೇ ಹಂತಕ್ಕೆ ಕನಿಷ್ಠ 4 ಸೆಕೆಂಡ್, ಎರಡನೇ ಹಂತಕ್ಕೆ 8 ಸೆಕೆಂಡ್ ತಾಳಬೇಕು. 'ಕೆಪಿ' ಎಂಬ ಅಕ್ಷರಗಳು ಬೆರಳುಗಳ ಗೆಣ್ಣಿಗೆ ರಕ್ಷಣೆಯಿದೆ ಎಂಬುದರ ಸೂಚನೆ.

ಲಡಾಖ್ ಯಾತ್ರಿಗಳಿಗೆ

ಪ್ರತಿವರ್ಷ ಕರ್ನಾಟಕದಿಂದಲೂ ಸವಾರರು ಬೇಸಿಗೆಯಲ್ಲಿ ಲಡಾಖ್‌ಗೆ ತೆರಳುತ್ತಾರೆ. ಎತ್ತರ ಒಂದು ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಸುಮಾರು 5,359 ಮೀಟರ್ ಎತ್ತರದ ಖಾರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಜೂನ್‌ನಲ್ಲೂ ಹಿಮ ಬೀಳಬಹುದು. ಅಂತಹ ಯಾತ್ರೆಗೆ ಜಲನಿರೋಧಕವಾದ ಒಂದು ಜೊತೆ, ಒಣಹವೆಗೆ ಹಗುರವಾದ ಮತ್ತೊಂದು ಜೊತೆ ಇರುವುದು ಕ್ಷೇಮ. ಒಂದು ಒದ್ದೆಯಾದರೆ ಇನ್ನೊಂದು ಆಸರೆಯಾಗುತ್ತದೆ.

ಹ್ಯಾಂಡಲ್‌ಗೆ ಜೋಡಿಸುವ ಕೈರಕ್ಷಕ ಫಲಕಗಳು ಗಾಳಿಯ ಹೊಡೆತವನ್ನು ಸಾಕಷ್ಟು ತಗ್ಗಿಸುತ್ತವೆ. ವಿದ್ಯುತ್ತಿನಿಂದ ಕಾಯುವ ಹಿಡಿಕೆಗಳು ಅಂಗೈಗೆ ಬಿಸಿ ಕೊಡುತ್ತವಾದರೂ ಕೈಯ ಹಿಂಬದಿಗೆ ಕೈಗವಸೇ ಗತಿ.

ದೇಹವೂ ಬೆಚ್ಚಗಿರಲಿ

ಎದೆ, ಕುತ್ತಿಗೆಗೆ ಚಳಿ ತಗಲಿದಾಗ ದೇಹ ತನ್ನ ಒಳಾಂಗಗಳನ್ನು ಕಾಯಲು ಕೈಕಾಲುಗಳ ರಕ್ತಸಂಚಾರವನ್ನು ತಗ್ಗಿಸುತ್ತದೆ. ಆದ್ದರಿಂದ ತೆಳು ಜಾಕೆಟ್ ತೊಟ್ಟವನಿಗೆ ಎಷ್ಟು ಬೆಲೆಯ ಕೈಗವಸೂ ಸಾಲದು. ಧೂಮಪಾನವೂ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮಧುಮೇಹದಿಂದ ಬೆರಳುಗಳ ಸ್ಪರ್ಶ ಕುಂದಿರುವವರು, ಚಳಿಗೆ ಬೆರಳು ಬಿಳಿಚಿಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಬೆರಳು ಜೋಮು ಹಿಡಿದರೆ ವಾಹನ ನಿಲ್ಲಿಸಿ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗಾಗಿಸಿಕೊಂಡು ಮುಂದುವರಿಯುವುದು ಒಳಿತು. ಸೈಲೆನ್ಸರ್ ಮುಟ್ಟಿ ಕಾಯಿಸಿಕೊಳ್ಳಲು ಹೋದರೆ, ಸ್ಪರ್ಶಜ್ಞಾನವಿಲ್ಲದ ಕೈ ಸುಟ್ಟರೂ ತಕ್ಷಣ ತಿಳಿಯದು.

ಖರೀದಿಗೆ ಮುನ್ನ

ಕೈಗವಸು ತೊಟ್ಟು ತಮ್ಮದೇ ವಾಹನದ ಮೇಲೆ ಕುಳಿತು ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಇನ್ನೊಂದಿಲ್ಲ. ಎರಡು ಬೆರಳಿನಲ್ಲಿ ಬ್ರೇಕ್ ಹಿಡಿಯಲಾಗುತ್ತದೆಯೇ, ಇಂಡಿಕೇಟರ್, ಹಾರ್ನ್ ಕಣ್ಣಿಡದೆ ಸಿಗುತ್ತವೆಯೇ, ಹೆಲ್ಮೆಟ್‌ನ ಗಾಜು ಏರಿಸಿ ಇಳಿಸಲು ಸಾಧ್ಯವೇ ಎಂಬುದನ್ನು ಗಮನಿಸಬೇಕು. ಇವುಗಳಲ್ಲಿ ಒಂದಕ್ಕೆ ತೊಡಕಾದರೂ, ಎಷ್ಟೇ ಬೆಚ್ಚಗಿದ್ದರೂ, ಆ ಕೈಗವಸನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಜಾಣತನ.