ತುರಗಬಂಧದ ಒತ್ತಕ್ಷರಗಳು: ಅಕ್ಷರಪಲ್ಲಟದ ಘಟಕವನ್ನು ಕುರಿತು

ಅಕ್ಷರಗಳ ಸ್ಥಾನ ಬದಲಿಸಿದರೆ ಒಂದು ಮಾತಿನೊಳಗಿಂದ ಇನ್ನೊಂದು ಮಾತು ಹೊರಬರುವಂತೆ ಹೆಣೆದ ರಚನೆಗಳನ್ನು ನಮ್ಮ ಆಲಂಕಾರಿಕರು ಶಬ್ದಾಲಂಕಾರಗಳ ಸಾಲಿನ ಕೊನೆಗೆ ಸೇರಿಸಿದ್ದಾರೆ. ಅಲ್ಲಿ ಪಲ್ಲಟಗೊಳ್ಳುವುದು ಕಿವಿಗೆ ಕೇಳುವ ವರ್ಣವೋ, ಕಣ್ಣಿಗೆ ಕಾಣುವ ಲಿಪಿಯ ಅಕ್ಷರವೋ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು 12ನೆಯ ಶತಮಾನದ ಕಾಶ್ಮೀರದ ರುಯ್ಯಕ. ಅವನು ಕೊಟ್ಟ ಉತ್ತರ ಎಲ್ಲ ಕಡೆಯೂ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಅದು ನಿಲ್ಲದೆ ಹೋಗುವ ಜಾಗ ಮೈಸೂರಿನ ವಿದ್ವತ್ಪರಂಪರೆಗೆ ತೀರ ಹತ್ತಿರದ್ದು.

ಹಿನ್ನೆಲೆಯ ಬಗ್ಗೆ ಹೆಚ್ಚು ವಿವಾದವಿಲ್ಲ. ಬಾಣನ ಕಾದಂಬರಿಯಲ್ಲಿ ಶೂದ್ರಕರಾಜ ಬಿಡುವಿನ ವೇಳೆ ಕಳೆಯುವ ವಿನೋದಗಳಲ್ಲಿ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಚ್ಯುತಕ, ಪ್ರಹೇಳಿಕೆಗಳು ಬರುತ್ತವೆ. ದಂಡಿ ಪ್ರಹೇಳಿಕೆಗಳನ್ನು ಹದಿನಾರು ಬಗೆಯಾಗಿ ವಿಂಗಡಿಸಿದ. ರಾಷ್ಟ್ರಕೂಟರ ಕಾಲದ ಜಿನಸೇನನ ಸಂಸ್ಕೃತ ಆದಿಪುರಾಣದ 12ನೆಯ ಪರ್ವದಲ್ಲಿ ಗರ್ಭಿಣಿ ಮರುದೇವಿಯ ಮನಸ್ಸನ್ನು ರಂಜಿಸಲು ದೇವಿಯರು ಇಂಥ ಒಗಟುಗಳನ್ನು ಒಂದರ ಮೇಲೊಂದು ಒಡ್ಡುತ್ತಾರೆ. ಕನ್ನಡದ ಉದಾಹರಣೆಗಳಿಂದ ಹೇಳುವುದಾದರೆ ‘ನಂದಿ’ಯ ಸೊನ್ನೆ ಬಿದ್ದು ‘ನದಿ’ಯಾಗುವುದು ಬಿಂದುಚ್ಯುತಕ; ‘ಕಾಡು’ ಹ್ರಸ್ವಗೊಂಡು ‘ಕಡು’ ಆಗುವುದು ಮಾತ್ರಾಚ್ಯುತಕ; ‘ಕತ್ತೆ’ಯ ಒತ್ತು ಕಳಚಿ ‘ಕತೆ’ಯಾಗುವುದು ವ್ಯಂಜನಚ್ಯುತಕ; ‘ಕಮಲ’ದ ಮೊದಲಕ್ಷರ ತೆಗೆದು ಬೇರೊಂದನ್ನಿಟ್ಟು ‘ವಿಮಲ’ ಮಾಡುವುದು ಚ್ಯುತದತ್ತಾಕ್ಷರ. ಇಡೀ ಅಕ್ಷರ, ಅದರ ಸ್ವರಚಿಹ್ನೆ, ಸೊನ್ನೆ, ಒತ್ತು ಇವೆಲ್ಲ ಬೇರೆ ಬೇರೆಯಾಗಿ ಬಿಚ್ಚಿ ತೆಗೆಯಬಹುದಾದ ಅಂಗಗಳು ಎಂಬ ಎಚ್ಚರ ಈ ವರ್ಗೀಕರಣದಲ್ಲೇ ಇದೆ. ಇಂಥ ರಚನೆಗಳು ಸೇರುವ ‘ಚಿತ್ರ’ವೆಂಬ ವರ್ಗವನ್ನು ಆನಂದವರ್ಧನ ಕಾವ್ಯದ ಅನುಕರಣವೆಂದ. ಮಮ್ಮಟ ಅದನ್ನು ಅವರಕಾವ್ಯವೆಂದ. ಆ ಮೌಲ್ಯನಿರ್ಣಯವನ್ನು ಇಲ್ಲಿ ಪ್ರಶ್ನಿಸುವುದಿಲ್ಲ. ಆದರೆ ಆ ನಿರ್ಣಯದ ನೆರಳಿನಲ್ಲಿ ಈ ರಚನೆಗಳು ಭಾಷೆ ಮತ್ತು ಲಿಪಿಯ ಸಂಬಂಧದ ಬಗ್ಗೆ ಏನು ಹೇಳುತ್ತವೆ ಎಂದು ಕೇಳುವುದೇ ನಿಂತುಹೋಯಿತು. ಇದು ದೊಡ್ಡ ನಷ್ಟ.

ಮೈಸೂರಿನಲ್ಲಿ ಈ ಕಲೆಯ ನೆನಪು ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನೊಂದಿಗೆ ಬೆಸೆದಿದೆ. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಅವರ ಆಸಕ್ತಿ ಗ್ರಂಥ, ಚಿತ್ರ, ಆಟಗಳ ಕಡೆಗೆ ಇನ್ನಷ್ಟು ಹರಿಯಿತು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಹಾಸಿನ ಪ್ರತಿ ಮನೆಯನ್ನೂ ಕುದುರೆ ಒಮ್ಮೆ ಮಾತ್ರ ಮುಟ್ಟುವಂತೆ ನಡೆಸುವ ಸಮಸ್ಯೆಯನ್ನು ಅವರು ಅಂಕಿಗಳಲ್ಲೂ ಅಕ್ಷರಗಳಲ್ಲೂ ಬಿಡಿಸಿದರು; ಅಕ್ಷರಗಳಲ್ಲಿ ಬಿಡಿಸಿದ್ದೇ ತುರಗಬಂಧ. ಆಟದ ಚರಿತ್ರಕಾರರು ಇದನ್ನು ಗಣಿತದ ಕಣ್ಣಿನಿಂದಲೇ ನೋಡುತ್ತ ಬಂದಿದ್ದಾರೆ. ಎಚ್. ಜೆ. ಆರ್. ಮರ್ರೆ 1913ರ ತನ್ನ ಚದುರಂಗದ ಚರಿತ್ರೆಯಲ್ಲಿ, ಅದಕ್ಕೂ ಮೊದಲು ಹರ್ಮನ್ ಯಾಕೋಬಿ, ಆಲಂಕಾರಿಕ ರುದ್ರಟನ ಇಂಥ ಶ್ಲೋಕಗಳನ್ನು 9ನೆಯ ಶತಮಾನದ ಭಾರತದಲ್ಲಿ ಚದುರಂಗ ಇತ್ತೆಂಬುದಕ್ಕೆ ಸಾಕ್ಷ್ಯವಾಗಿ ಓದಿದರು. ಅವರ ಉದ್ದೇಶಕ್ಕೆ ಅದು ಸರಿಯೇ. ಆ ಓದಿನಲ್ಲಿ ಅಕ್ಷರಗಳು ದಾರಿಯ ಗುರುತುಗಳಾಗಿ ಉಳಿಯುತ್ತವೆ. ನಾವು ಕೇಳಬೇಕಾದದ್ದು ಅದರ ವಿಲೋಮ: ಕುದುರೆಯ ದಾರಿ ಅಕ್ಷರಗಳಿಗೆ ಏನು ಮಾಡುತ್ತದೆ?

ಈಗ ರುಯ್ಯಕನ ಮಾತಿಗೆ ಬರೋಣ. ಕಮಲ, ಖಡ್ಗ ಮೊದಲಾದ ಆಕಾರಗಳಲ್ಲಿ ಜೋಡಣೆಗೊಳ್ಳುವುದು ಬರೆದ ಅಕ್ಷರಗಳೇ ಎಂಬುದನ್ನು ಅವನು ಮರೆಮಾಚುವುದಿಲ್ಲ. ಹಾಗಿದ್ದೂ ಲೋಕವ್ಯವಹಾರದಲ್ಲಿ ಲಿಪಿಯ ಅಕ್ಷರ ಮತ್ತು ಕಿವಿಯಲ್ಲಿ ನೆಲೆಗೊಂಡ ವರ್ಣ ಎರಡೂ ಅಭಿನ್ನವಾಗಿ ತೋರುವುದರಿಂದ ಇದು ಶಬ್ದದ ಅಲಂಕಾರವೇ ಎನ್ನುತ್ತಾನೆ. ಬಹಳ ಸೂಕ್ಷ್ಮವಾದ ಪರಿಹಾರ. ಆದರೆ ಅದರ ಇಡೀ ಭಾರ ಆ ಅಭೇದದ ಮೇಲೆ ನಿಂತಿದೆ.

ರುದ್ರಟನ ತುರಗಪದ ಶ್ಲೋಕಕ್ಕೆ ಈ ಅಭೇದ ಚೆನ್ನಾಗಿ ಒಪ್ಪುತ್ತದೆ. ನೇರವಾಗಿ ಓದಿದರೂ ಕುದುರೆ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರಬೇಕೆಂಬ ಕಟ್ಟುಪಾಡಿಗೆ ಒಳಗಾಗಿ ಅವನು ಬಳಸಿದ್ದು ಸ, ನ, ಲ ಎಂಬ ಮೂರೇ ವ್ಯಂಜನ. ಒತ್ತಕ್ಷರವಿಲ್ಲ, ಸೊನ್ನೆಯಿಲ್ಲ. ಪ್ರತಿ ಮನೆಯಲ್ಲೂ ಒಂದು ವ್ಯಂಜನ, ಅದರ ಮೇಲೊಂದು ಸ್ವರ. ಇಂಥ ಕಡೆ ಬರೆದ ಅಕ್ಷರವೂ ಉಚ್ಚರಿಸಿದ ಅಕ್ಷರವೂ ಒಂದಕ್ಕೊಂದು ಸರಿಹೊಂದುತ್ತವೆ.

ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿ ಸ್ಥಿತಿ ಬೇರೆ. ದೆಹಲಿಯ ಸೇನೆ ಶ್ರೀರಂಗಕ್ಕೆ ನುಗ್ಗಿದಾಗ ದೇಶಿಕರು ಈಗಿನ ಕೊಳ್ಳೇಗಾಲ ತಾಲ್ಲೂಕಿನ ಸತ್ಯಾಗಾಲದಲ್ಲಿ ತಂಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಅವರ ಶಿಷ್ಯಪರಂಪರೆಯ ಪರಕಾಲಮಠ ಮೈಸೂರಿನಲ್ಲಿ ನೆಲೆಸಿ ಒಡೆಯರ ರಾಜಗುರುಪೀಠವಾಯಿತು. ಹಾಗಾಗಿ ಈ ಕೃತಿ ಇಲ್ಲಿ ಪಾರಾಯಣದ ಗ್ರಂಥ. ಅದರ ಚಿತ್ರಪದ್ಧತಿಯಲ್ಲಿ 929 ಮತ್ತು 930ನೆಯ ಶ್ಲೋಕಗಳು ಒಂದು ಜೋಡಿ. ಮೊದಲನೆಯದನ್ನು ನಾಲ್ಕು ಸಾಲು, ಎಂಟು ಅಂಕಣಗಳ ಅರ್ಧ ಹಾಸಿನಲ್ಲಿ ಬರೆದು ಮೂಲೆಯ ಮೊದಲ ಮನೆಯಿಂದ ಕುದುರೆಯನ್ನು ನಡೆಸಿದರೆ ಎರಡನೆಯದು ಮೂಡುತ್ತದೆ. ಮೂವತ್ತೆರಡು ಮನೆಗಳು, ಎರಡು ಪೂರ್ಣ ಅರ್ಥಗಳು. ‘ರಾ’ ನಾಲ್ಕು ಸಲ, ‘ಸ’ ಮತ್ತು ‘ತಾ’ ಮೂರು ಮೂರು ಸಲ, ‘ಗ’ ಎರಡು ಸಲ ಬರುತ್ತವೆ. ಉಳಿದ ಇಪ್ಪತ್ತು ಅಕ್ಷರಗಳು ಒಂದೊಂದೇ ಸಲ. ರುದ್ರಟನಲ್ಲಿ ಒಂದೇ ಶ್ಲೋಕ ತನಗೆ ತಾನೇ ಮರಳುತ್ತದೆ. ದೇಶಿಕರಲ್ಲಿ ಒಂದರೊಳಗೆ ಇನ್ನೊಂದು ಅಡಗಿದೆ.

ಈ ಮೂವತ್ತೆರಡು ಮನೆಗಳಲ್ಲಿ ನಾಲ್ಕರಲ್ಲಿ ಒತ್ತಕ್ಷರಗಳಿವೆ: ‘ಸ್ಥಿ’, ‘ಧ್ಯಾ’, ‘ತ್ಪಾ’, ‘ನ್ನ’. ಮೊದಲನೆಯದು ಎರಡೂ ಶ್ಲೋಕಗಳ ಆರಂಭದಲ್ಲೇ ಇರುವುದರಿಂದ ಅದನ್ನು ಬಿಡೋಣ. ‘ತ್ಪಾ’ ಮೊದಲ ಶ್ಲೋಕದಲ್ಲಿ ‘ಸ’ಕಾರದ ನಂತರ ಬರುತ್ತದೆ, ಎರಡನೆಯದರಲ್ಲಿ ‘ಜ’ಕಾರದ ನಂತರ. ಬಾಯಿಬಿಟ್ಟು ಹೇಳಿದರೆ ಒಂದರಲ್ಲಿ ಸತ್–ಪಾ, ಇನ್ನೊಂದರಲ್ಲಿ ಜತ್–ಪಾ. ‘ನ್ನ’ ಹಾಗೆಯೇ: ಒಂದರಲ್ಲಿ ದನ್–ನ, ಇನ್ನೊಂದರಲ್ಲಿ ಸನ್–ನ. ‘ಧ್ಯಾ’ ಒಂದರಲ್ಲಿ ರಾಧ್–ಯಾ, ಇನ್ನೊಂದರಲ್ಲಿ ಸಾಧ್–ಯಾ. ಅಂದರೆ ಉಚ್ಚಾರಣೆಯ ತುಂಡುಗಳನ್ನು ಎಣಿಸಿ ಎರಡು ರಾಶಿ ಮಾಡಿದರೆ ಸತ್, ದನ್, ರಾಧ್ ಒಂದು ರಾಶಿಯಲ್ಲಿ ಮಾತ್ರ ಇರುತ್ತವೆ. ಜತ್, ಸನ್, ಸಾಧ್ ಇನ್ನೊಂದರಲ್ಲಿ ಮಾತ್ರ. ಕಿವಿಯ ಲೆಕ್ಕದಲ್ಲಿ ಎರಡನೆಯ ಶ್ಲೋಕ ಮೊದಲನೆಯದರ ಪಲ್ಲಟವೇ ಅಲ್ಲ. ಬರವಣಿಗೆಯ ಲೆಕ್ಕದಲ್ಲಿ ಒಂದು ಮನೆಯೂ ತಪ್ಪದ ಪಲ್ಲಟ.

ಇದು ಇಂದಿನ ಧ್ವನಿಶಾಸ್ತ್ರವನ್ನು ಹಳೆಯ ಪಠ್ಯದ ಮೇಲೆ ಹೇರುವುದಲ್ಲವೇ ಎಂದು ಕೇಳಬಹುದು. ಅಲ್ಲ. ಸಂಯುಕ್ತಾಕ್ಷರದ ಮೊದಲ ವ್ಯಂಜನ ಹಿಂದಿನ ಸ್ವರಕ್ಕೆ ಸೇರಿದ್ದು ಎಂದು ತೈತ್ತಿರೀಯ ಪ್ರಾತಿಶಾಖ್ಯದ 21ನೆಯ ಅಧ್ಯಾಯವೇ ವಿಧಿಸುತ್ತದೆ. ಛಂದಸ್ಸು ಕಲಿತ ಪ್ರತಿ ವಿದ್ಯಾರ್ಥಿಗೂ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದು ಗೊತ್ತು. ಹಾಸಿನಲ್ಲಿ ‘ತ್ಪಾ’ದ ಎಡಗಡೆಯ ‘ಸ’ ಮೊದಲ ಶ್ಲೋಕದಲ್ಲಿ ಗುರು. ಅದೇ ಮನೆಯ ಅದೇ ‘ಸ’ ಎರಡನೆಯ ಶ್ಲೋಕದಲ್ಲಿ ‘ರಾ’ದ ಹಿಂದೆ ಬಂದು ಲಘುವಾಗುತ್ತದೆ. ‘ಜ’ದ ಗತಿ ಇದಕ್ಕೆ ವಿಲೋಮ. ತೂಕ ಮನೆಯೊಳಗೆ ಇಲ್ಲ, ನೆರೆಯಿಂದ ಬರುತ್ತದೆ. ಮನೆ ಹೊತ್ತೊಯ್ಯುವುದು ಲಿಪಿಯ ಅಕ್ಷರವನ್ನು ಮಾತ್ರ.

ಅನುನಾಸಿಕದ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. ನಾಲ್ಕನೆಯ ಸಾಲಿನ ಮೊದಲ ಮನೆ ‘ರಂ’. ಒಂದು ಓದಿನಲ್ಲಿ ಅದು ‘ರಂಗ’ದ ಭಾಗ, ಇನ್ನೊಂದರಲ್ಲಿ ಹಕಾರದ ಹಿಂದೆ ಬರುತ್ತದೆ. ಪದದ ಮಧ್ಯದಲ್ಲಿ ಅನುಸ್ವಾರಕ್ಕೆ ಪರಸವರ್ಣ ಕಡ್ಡಾಯವೆನ್ನುವ ಪಾಣಿನಿಯ ಸೂತ್ರದಂತೆ (8.4.58) ‘ರಂಗ’ದಲ್ಲಿ ಕೇಳಬೇಕಾದ್ದು ಙಕಾರ, ಹಕಾರದ ಮುಂದೆ ಅನುಸ್ವಾರವೇ ಉಳಿಯುತ್ತದೆ. ‘ರಙ್ಗ’ ಎಂದು ಬರೆದರೆ ಮನೆಗಳು ರ, ಙ್ಗ ಎಂದು ಒಡೆದು ಕುದುರೆಯ ದಾರಿ ಕೆಡುತ್ತದೆ. ಆದ್ದರಿಂದ ಇಲ್ಲಿ ಸೊನ್ನೆ ಬೇಕೇಬೇಕು. ಆದರೆ ಅದೇ ಸಾಲಿನ ಕೊನೆಯಲ್ಲಿ ಬೇಕಾಗುವುದು ಇದಕ್ಕೆ ಎದುರಾದ ಪದ್ಧತಿ. ‘ಪದಂ ನಯ’ ಎಂದು ಸೊನ್ನೆಯಿಂದ ಬರೆದರೆ ಮನೆಗಳು ದಂ, ನ ಆಗುತ್ತವೆ, ಎರಡನೆಯ ಶ್ಲೋಕಕ್ಕೆ ಬೇಕಾದ ‘ನ್ನ’ ಸಿಗುವುದಿಲ್ಲ. ಪದಾಂತದಲ್ಲಿ ಪರಸವರ್ಣ ವಿಕಲ್ಪವೆಂಬ ಮುಂದಿನ ಸೂತ್ರದ (8.4.59) ಆಶ್ರಯದಿಂದ ‘ಪದನ್ನಯ’ ಎಂದೇ ಬರೆಯಬೇಕು. ಒಂದೇ ಸಾಲಿನಲ್ಲಿ ಎರಡು ಬರಹಪದ್ಧತಿಗಳನ್ನು ಬೇಕೆಂದೇ ಆರಿಸಿಕೊಂಡ ಕವಿಗೆ ಲಿಪಿಯ ಪ್ರಜ್ಞೆ ಇರಲಿಲ್ಲವೆಂದು ಹೇಳಲು ಬರುವುದಿಲ್ಲ.

ಆದ್ದರಿಂದ ನನ್ನ ನಿಲುವು ಇದು: ದೇಶಿಕರ ತುರಗಬಂಧದಲ್ಲಿ ರುಯ್ಯಕ ಹೇಳುವ ಅಭೇದ ಮುರಿದುಬೀಳುತ್ತದೆ, ಮತ್ತು ಈ ಜೋಡಿಯ ಮಟ್ಟಿಗಾದರೂ ಚಿತ್ರವನ್ನು ಲಿಪಿಯ ಅಲಂಕಾರವೆಂದೇ ಕರೆಯಬೇಕು. ಈ ಮಾತನ್ನು ಎಷ್ಟು ದೂರ ಎಳೆಯಬಹುದೆಂಬುದಕ್ಕೆ ಮಿತಿಗಳಿವೆ. ರುಯ್ಯಕನ ಕಣ್ಣಮುಂದೆ ಇದ್ದದ್ದು ಪದ್ಮ, ಖಡ್ಗಗಳಂಥ ಆಕೃತಿಬಂಧಗಳು. ತುರಗಬಂಧಕ್ಕೆ ಅವನ ಮಾತನ್ನು ಹಚ್ಚಿದ್ದು ನಾನು. ಪದ್ಮಬಂಧದಲ್ಲಿ ನಡುವಿನ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಓದುವಾಗ ಅಭೇದ ಕೆಡಬೇಕಾದ ಕಾರಣವಿಲ್ಲ. ಎರಡನೆಯದಾಗಿ, ಪಾದುಕಾಸಹಸ್ರ ಒಂದೇ ರಾತ್ರಿಯಲ್ಲಿ ರಚಿತವಾಯಿತೆಂದು ಸಂಪ್ರದಾಯ ನಂಬುತ್ತದೆ. ಅದನ್ನು ಒಪ್ಪಿದರೂ, ಓಲೆಗರಿ ಮುಟ್ಟದೆ ಮನಸ್ಸಿನಲ್ಲೇ ಕಟ್ಟಿದ್ದೆಂದರೂ, ನನ್ನ ವಾದಕ್ಕೆ ಬಾಧಕವಿಲ್ಲ. ಬಾಲ್ಯದಲ್ಲಿ ಕಾಗುಣಿತ ತಿದ್ದಿದವನ ಮನಸ್ಸಿನಲ್ಲೂ ಅಕ್ಷರ ಬರಹದ ರೂಪದಲ್ಲೇ ಕೂತಿರುತ್ತದೆ. ಮೂರನೆಯದು ಹೆಚ್ಚು ಗಂಭೀರ. ಕನ್ನಡದ ಆದಿಪ್ರಾಸ ಕೂಡ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುತ್ತದೆ, ಆದರೆ ಪ್ರಾಸ ನಿಸ್ಸಂದೇಹವಾಗಿ ಕಿವಿಯದು. ಹಾಗಾಗಿ ಒತ್ತಕ್ಷರ ಒಡೆಯದಿರುವುದೊಂದೇ ಲಿಪಿಗೆ ಸಾಕ್ಷಿಯಾಗಲಾರದು. ಪ್ರಾಸದಲ್ಲಿ ಒತ್ತಕ್ಷರ ತನ್ನ ಜಾಗದಲ್ಲೇ ಉಳಿದು ಇನ್ನೊಂದನ್ನು ಪ್ರತಿಧ್ವನಿಸುತ್ತದೆ. ಬಂಧದಲ್ಲಿ ಅದು ಹಿಂದಿನ ಸ್ವರವನ್ನು ಬಿಟ್ಟು ಬೇರೆಡೆಗೆ ಹೋಗುತ್ತದೆ. ನಿರ್ಣಾಯಕವಾದದ್ದು ಆ ಚಲನೆ.

ತುರಗಬಂಧ ಮೈಸೂರಿನಲ್ಲೂ ಸಂಸ್ಕೃತದ ಕಡೆಗೇ ವಾಲಲು ಕಾರಣವೂ ಇಲ್ಲೇ ಇದೆಯೆಂದು ತೋರುತ್ತದೆ. ಅನುಷ್ಟುಪ್ಪಿನ ಮೂವತ್ತೆರಡು ಅಕ್ಷರ ಅರ್ಧ ಹಾಸಿಗೆ, ಎರಡು ಶ್ಲೋಕ ಅರವತ್ತನಾಲ್ಕು ಮನೆಗಳಿಗೆ ಸರಿಯಾಗಿ ಕೂರುತ್ತವೆ. ಕಂದ, ಷಟ್ಪದಿಗಳು ಎಣಿಸುವುದು ಮಾತ್ರೆಯನ್ನು. ಅಕ್ಷರಸಂಖ್ಯೆ ಪದ್ಯದಿಂದ ಪದ್ಯಕ್ಕೆ ಬದಲಾಗುತ್ತದೆ. ಮನೆ ಬದಲಾದಾಗ ಗುರುಲಘು ಬದಲಾಗುವುದನ್ನು ಅನುಷ್ಟುಪ್ಪು ಸಹಿಸಿಕೊಳ್ಳುತ್ತದೆ, ಮಾತ್ರಾಗಣ ಸಹಿಸುವುದಿಲ್ಲ.

ಕನ್ನಡದಲ್ಲಿ ಇದೇ ಘಟಕ ಈಗ ಜೀವಂತವಾಗಿರುವುದು ಪತ್ರಿಕೆಗಳ ಪದಬಂಧಗಳಲ್ಲಿ. ಅಲ್ಲಿ ‘ಕತ್ತೆ’ಗೆ ಎರಡು ಮನೆ, ‘ಮೈಸೂರು’ ಎಂಬುದಕ್ಕೆ ಮೂರು. ಒತ್ತು, ಗುಣಿತ, ಸೊನ್ನೆ ಎಲ್ಲ ತಮ್ಮ ಅಕ್ಷರದ ಮನೆಯಲ್ಲೇ ಇರುತ್ತವೆ. ‘ಬಸ್’ನಂಥ ಎರವಲು ಪದದ ಕೊನೆಯ ‘ಸ್’ಗೆ ಸಾಮಾನ್ಯವಾಗಿ ಪ್ರತ್ಯೇಕ ಮನೆ ಸಿಗುತ್ತದೆ. ಸ್ವರವಿಲ್ಲದ, ಒಂಟಿಯಾಗಿ ಉಚ್ಚರಿಸಲಾಗದ ಆ ತುಣುಕು ಯಾವ ಛಂದಸ್ಸಿನಲ್ಲೂ ಅಕ್ಷರವಲ್ಲ, ಪದಬಂಧದಲ್ಲಿ ಅಕ್ಷರ. ದೇಶಿಕರ ‘ತ್ಪಾ’ ತೋರಿಸಿದ್ದನ್ನೇ ಇದು ಇನ್ನೊಂದು ತುದಿಯಿಂದ ತೋರಿಸುತ್ತದೆ.

ಮುಂದಿನ ಕೆಲಸ ಮುಮ್ಮಡಿಯವರ ಅಕ್ಷರಪಟಗಳ ಮೇಲೆ ನಡೆಯಬೇಕು. ಅವುಗಳನ್ನು ಮನೆಮನೆಯಾಗಿ ಬಿಡಿಸಿ, ಒತ್ತಕ್ಷರ ಬರುವ ಮನೆಗಳಲ್ಲಿ ಹಿಂದಿನ ಸ್ವರ ಯಾವುದು, ಪದಮಧ್ಯದ ಅನುನಾಸಿಕವನ್ನು ಸೊನ್ನೆಯಿಂದ ಬರೆದಿದೆಯೋ ವರ್ಗಾನುನಾಸಿಕದಿಂದಲೋ ಎಂದು ನೋಡಬೇಕು. ಸೊನ್ನೆಯೇ ನಿಯತವಾಗಿದ್ದರೆ ಅದು ಬಂಧದ ಅಗತ್ಯದಿಂದ ಬಂದದ್ದೋ, ಅನುನಾಸಿಕಕ್ಕೆ ಸೊನ್ನೆ ಬರೆಯುವ ಕನ್ನಡ ಲಿಪಿಕಾರರ ರೂಢಿಯಿಂದ ಬಂದದ್ದೋ ಎಂಬ ಪ್ರಶ್ನೆ ಏಳುತ್ತದೆ. ಎರಡನ್ನೂ ಬೇರ್ಪಡಿಸಲು ಒಂದೇ ಬಂಧದ ನಾಗರೀ, ಗ್ರಂಥ ಮತ್ತು ಕನ್ನಡ ಲಿಪಿಗಳ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದಲ್ಲದೆ ಬೇರೆ ದಾರಿ ಕಾಣುವುದಿಲ್ಲ.